ಬೇಟೆಯ ರಿವಾಲ್ವರ್ ಜಾಸ್ತಿ ಒದೆಯುತ್ತಾ? ನಳಿಗೆಗೆ ತೂತು ಹಾಕಿಸುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನವೆಂಬರ್ 15ಕ್ಕೆ ಜಿಂಕೆ ಬೇಟೆಯ ಬಂದೂಕು ಸೀಸನ್ ಶುರು. ಅದಕ್ಕೆ ಎರಡು ತಿಂಗಳು ಮುಂಚಿನಿಂದ ಗುರಿ ಅಭ್ಯಾಸದ ರೇಂಜ್‌ನಲ್ಲಿ ಒಂದೇ ದೂರು ಕೇಳುತ್ತಿರುತ್ತದೆ: "ಈ .44 ಮ್ಯಾಗ್ನಮ್ ಕೈ ಮುರಿಯೋ ಹಾಗೆ ಒದೆಯುತ್ತೆ, ನಳಿಗೆಗೆ ತೂತು ಹಾಕಿಸಿಬಿಡಲಾ?" .44 ಮ್ಯಾಗ್ನಮ್ ಅಂದರೆ ಕೈಬಂದೂಕಿನ ಒಂದು ಜೋರಾದ ತೋಟಾ (ಕಾರ್ಟ್ರಿಡ್ಜ್), ಅದನ್ನು ಹಾರಿಸುವ ರಿವಾಲ್ವರನ್ನೂ ಹಾಗೇ ಕರೆಯುತ್ತಾರೆ. ತೂತು ಅಂದರೆ ಅನಿಲ ಮೇಲಕ್ಕೆ ಹೋಗಿ ಒದೆತ ಇಳಿಯಲಿ ಅಂತ ನಳಿಗೆಯ ತುದಿಯ ಹತ್ತಿರ ಕೊರೆಸುವ ಕಿಂಡಿ. ನಾನೂ ಒಂದು ಕಾಲಕ್ಕೆ ಹೀಗೆ ಕೇಳಿದವನೇ. ಕೇಳಿ ಸುಮ್ಮನಿರಲಿಲ್ಲ, ಉತ್ತರ ಬರುವ ಮೊದಲೇ ಹಾಕಿಸಿಯೂ ಬಿಟ್ಟೆ. ಆ ಕಥೆ ಮುಂದೆ ಬರುತ್ತದೆ.

ಕೆಳಗಿನ ಪ್ರಶ್ನೆಗಳು ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಕೇಳಿದವು. ಎಲ್ಲವೂ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಕೈಬಂದೂಕಿನಲ್ಲಿ ಬೇಟೆ ಆಡುವವರಿಗೆ ಸಂಬಂಧಿಸಿದ್ದು. ಊರಿನ ವಿಷಯಕ್ಕೂ ಒಂದು ಪ್ರಶ್ನೆ ಇಟ್ಟಿದ್ದೇನೆ.

ಒದೆತ ಅಂದರೆ ಸರಿಯಾಗಿ ಏನು?

ಮಲೆನಾಡಲ್ಲಿ ನಮ್ಮಜ್ಜ ಜೋಡುನಳಿಗೆ ಕೋವಿ ಕೈಗೆ ಕೊಡುವಾಗ ಹೇಳುತ್ತಿದ್ದದ್ದು ಒಂದೇ ಮಾತು: "ಭುಜಕ್ಕೆ ಒತ್ತಿ ಹಿಡಿ, ಸಡಿಲ ಬಿಟ್ಟರೆ ಒದೀತದೆ." ಗುಂಡು ಮುಂದೆ ಹೋದಷ್ಟೇ ಬಲದಲ್ಲಿ ಕೋವಿ ಹಿಂದೆ ಬರುತ್ತದೆ. ಗುಂಡಿನ ಜೊತೆ ಉರಿದ ಮದ್ದಿನ ಅನಿಲವೂ ನಳಿಗೆಯಿಂದ ಹೊರಗೆ ಹಾರುತ್ತದೆ. ಅದೂ ಹಿಂದಕ್ಕೆ ತಳ್ಳುತ್ತದೆ.

ಒಂದು ಲೆಕ್ಕ ನೋಡಿ. ಸಾಮಾನ್ಯ .44 ಮ್ಯಾಗ್ನಮ್ ತೋಟಾದಲ್ಲಿ 240 ಗ್ರೇನ್ ಗುಂಡು, ಅಂದರೆ ಸುಮಾರು ಹದಿನೈದೂವರೆ ಗ್ರಾಂ. ಅದು ಸೆಕೆಂಡಿಗೆ 1,400 ಅಡಿ ವೇಗದಲ್ಲಿ ಹೊರಡುತ್ತದೆ. ರಿವಾಲ್ವರ್ ತೂಕ 3 ಪೌಂಡ್, ನಮ್ಮ ಲೆಕ್ಕದಲ್ಲಿ 1.36 ಕಿಲೋ. ಅನಿಲವನ್ನೂ ಸೇರಿಸಿದರೆ ಒದೆತ ಸುಮಾರು 25 ಜೂಲ್ ಬರುತ್ತದೆ. ಎಂಟು ಪೌಂಡಿನ .30-06 ರೈಫಲ್‌ನದು ಸುಮಾರು 30 ಜೂಲ್. ಹತ್ತಿರ ಹತ್ತಿರ ಅಲ್ವಾ? ಆದರೆ ರೈಫಲ್ ಆ ಪೆಟ್ಟನ್ನು ಭುಜಕ್ಕೆ, ಅಗಲವಾದ ರಬ್ಬರ್ ಪ್ಯಾಡಿನ ಮೇಲೆ ಕೊಡುತ್ತದೆ. ರಿವಾಲ್ವರ್ ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಗೆ ಕೊಡುತ್ತದೆ. ಮೇಲಾಗಿ ನಳಿಗೆ ಇರುವುದು ಕೈಗಿಂತ ಮೇಲೆ. ಹಾಗಾಗಿ ಹಿಂದೆ ತಳ್ಳುವುದರ ಜೊತೆ ಮೂತಿ ಮೇಲಕ್ಕೂ ಜಿಗಿಯುತ್ತದೆ.

ಹಿಂದೆ ತಳ್ಳುವುದು ಒಂದು, ಮೂತಿ ಜಿಗಿಯುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ. ಅಂಗಡಿಯವರು "ಒದೆತ ಕಡಿಮೆ ಆಗುತ್ತೆ" ಅಂದಾಗ ಇವೆರಡರಲ್ಲಿ ಯಾವುದು ಅಂತ ಕೇಳಿ.

ನನಗೆ ತೊಂದರೆ ಕೊಡುತ್ತಿರುವುದು ಒದೆತವೇ ಅಂತ ಹೇಗೆ ಗೊತ್ತಾಗುತ್ತೆ?

ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಕೇಳಬೇಕು. ಬಹಳ ಜನರ ಗುರಿ ಕೆಡುವುದು ಒದೆತದಿಂದ ಅಲ್ಲ, ಒದೆತದ ಹೆದರಿಕೆಯಿಂದ. ಹೆದರಿಕೆ ಇನ್ನೂ ಗುಂಡು ಹೊರಡುವ ಮೊದಲೇ ಕೆಲಸ ಮಾಡಿರುತ್ತದೆ.

ಪರೀಕ್ಷೆ ಸುಲಭ. ಜೊತೆಗಾರರ ಕೈಗೆ ರಿವಾಲ್ವರ್ ಕೊಟ್ಟು, ನೀವು ಆ ಕಡೆ ತಿರುಗಿ ನಿಲ್ಲಿ. ಅವರು ಸಿಲಿಂಡರಿನ ಆರು ಮನೆಗಳಲ್ಲಿ (ತೋಟಾ ಕೂರುವ ತೂತುಗಳಲ್ಲಿ) ಮೂರಕ್ಕೋ ನಾಲ್ಕಕ್ಕೋ ತೋಟಾ, ಉಳಿದದ್ದಕ್ಕೆ ಸುಟ್ಟ ಖಾಲಿ ಕೇಸ್ ಹಾಕಿ ಕೊಡಲಿ. ಯಾವುದು ಯಾವ ಮನೆಯಲ್ಲಿದೆ ಅಂತ ನಿಮಗೆ ಗೊತ್ತಿರಬಾರದು. ಗುರಿ ಹಿಡಿದು ಟ್ರಿಗರ್ ಒತ್ತುತ್ತಾ ಹೋಗಿ. ಖಾಲಿ ಕೇಸಿನ ಮೇಲೆ ಬಂದೂಕಿನ ಕುದುರೆ (ಹ್ಯಾಮರ್) ಬಿದ್ದಾಗ ಬರೀ "ಟಿಕ್" ಅನ್ನುತ್ತದೆ. ಆ ಹೊತ್ತಿಗೆ ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುರುತನ್ನು ನೋಡಿ. ಅಲುಗದೆ ನಿಂತಿದ್ದರೆ ನೀವು ಹೆದರುತ್ತಿಲ್ಲ. ಕೆಳಗೆ ಕುಸಿದರೆ, ಇಲ್ಲದ ಒದೆತವನ್ನು ತಡೆಯಲು ನಿಮ್ಮ ಮಣಿಕಟ್ಟು ಆಗಲೇ ಕೆಲಸ ಶುರು ಮಾಡಿದೆ ಅಂತ ಅರ್ಥ.

ನಾನು ಮೊದಲ ಸಲ ಇದನ್ನು ಮಾಡಿದಾಗ ಮೂತಿ ನಾಲ್ಕು ಬೆರಳಿನಷ್ಟು ಕೆಳಗೆ ಹೋಯಿತು. ಜೊತೆಗಿದ್ದ ಗೆಳೆಯ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಆಮೇಲೆ ಅದೇ ಪರೀಕ್ಷೆಯನ್ನು ಕಿವಿಗೆ ಇಯರ್‌ಪ್ಲಗ್ ಹಾಕಿ, ಅದರ ಮೇಲೆ ಇಯರ್‌ಮಫ್ ಏರಿಸಿ ಮಾಡಿ. ಎಷ್ಟೋ ಜನರಿಗೆ ಮೂತಿ ಕುಸಿಯುವುದು ಅರ್ಧ ನಿಂತುಬಿಡುತ್ತದೆ. ಅಂಥವರನ್ನು ಕಾಡುತ್ತಿದ್ದದ್ದು ಸದ್ದು, ಒದೆತ ಅಲ್ಲ. ಸದ್ದಿಗೆ ಹೆದರುವವರು ನಳಿಗೆಗೆ ತೂತು ಹಾಕಿಸಿದರೆ ಏನಾಗುತ್ತದೆ ಅಂತ ನನ್ನನ್ನೇ ಕೇಳಿ.

ತೋಟಾ ಬದಲಾಯಿಸಿದರೆ ಸಾಕಾಗಲ್ವಾ?

ಬಹುಪಾಲು ಜನರಿಗೆ ಸಾಕು. ಅದೇ 240 ಗ್ರೇನ್ ಗುಂಡನ್ನು 1,400 ಅಡಿ ಬದಲು 1,200 ಅಡಿ ವೇಗಕ್ಕೆ ಇಳಿಸಿ. ವೇಗ ಇಳಿದದ್ದು ನೂರಕ್ಕೆ ಹದಿನಾಲ್ಕು. ಒದೆತ 25 ಜೂಲ್‌ನಿಂದ ಸುಮಾರು 17ಕ್ಕೆ ಬರುತ್ತದೆ, ಅಂದರೆ ನೂರಕ್ಕೆ ಮೂವತ್ತು ಕಡಿಮೆ. ವೇಗ ಕಡಿಮೆಯಾದಾಗ ಮದ್ದೂ ಕಡಿಮೆ, ಅನಿಲವೂ ಕಡಿಮೆ. ಹಾಗಾಗಿ ಲಾಭ ಎರಡು ಕಡೆಯಿಂದ. ಇಷ್ಟು ಕಡಿತಕ್ಕೆ ಬಂದೂಕು ರಿಪೇರಿ ಮಾಡುವ ಯಾವ ಗನ್‌ಸ್ಮಿತ್‌ಗೂ ದುಡ್ಡು ಕೊಡಬೇಕಿಲ್ಲ. ಬೇಡವಾದರೆ ಮರುದಿನ ಹಳೆಯ ತೋಟಾಗೇ ವಾಪಸ್ ಹೋಗಬಹುದು.

"ಅಷ್ಟು ನಿಧಾನದ ಗುಂಡಿಗೆ ಜಿಂಕೆ ಬೀಳುತ್ತಾ?" ಅನ್ನುವವರಿಗೆ ಒಂದು ಹಳೇ ಮಾತು. 1955ರಲ್ಲಿ .44 ಮ್ಯಾಗ್ನಮ್ ಹುಟ್ಟಲು ಮುಖ್ಯ ಕಾರಣ ಎಲ್ಮರ್ ಕೀತ್ ಅನ್ನುವ ಐಡಹೊ ರಾಜ್ಯದ ಬೇಟೆಗಾರ, ಬರಹಗಾರ. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರು .44 ಸ್ಪೆಷಲ್ ಕೇಸಿನಲ್ಲೇ 250 ಗ್ರೇನ್ ಸೀಸದ ಗುಂಡನ್ನು ಸುಮಾರು 1,200 ಅಡಿ ವೇಗಕ್ಕೆ ತುಂಬಿಕೊಂಡು ದೊಡ್ಡ ಪ್ರಾಣಿಗಳ ಬೇಟೆ ಆಡುತ್ತಿದ್ದರು. ಇವತ್ತು ಜನ "ಮೆತ್ತಗಿನ ತೋಟಾ" ಅಂತ ಮೂಗು ಮುರಿಯುವುದು ಹೆಚ್ಚು ಕಡಿಮೆ ಅದಕ್ಕೇ. ಐವತ್ತು ಗಜದ ಒಳಗೆ, ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ, ಬಿಳಿಬಾಲದ ಜಿಂಕೆಗೆ ಅದು ಧಾರಾಳ.

ಆದರೆ ಎಷ್ಟು ಬೇಕಾದರೂ ಇಳಿಸುವಂತಿಲ್ಲ. ಕೊಲೊರಾಡೊದಂಥ ರಾಜ್ಯಗಳು ದೊಡ್ಡ ಪ್ರಾಣಿಗೆ ಬಳಸುವ ಕೈಬಂದೂಕಿನ ತೋಟಾಕ್ಕೆ 50 ಗಜದಲ್ಲಿ ಕನಿಷ್ಠ 550 ಫುಟ್-ಪೌಂಡ್ ಶಕ್ತಿ ಇರಬೇಕು ಅನ್ನುತ್ತವೆ. 240 ಗ್ರೇನ್ ಗುಂಡು 1,200 ಅಡಿಯಲ್ಲಿ ಹೊರಟರೆ ಮೂತಿಯಲ್ಲಿ ಸುಮಾರು 767 ಫುಟ್-ಪೌಂಡ್. 1,000 ಅಡಿಗೆ ಇಳಿಸಿದರೆ ಮೂತಿಯಲ್ಲೇ 533. ಅದು ಐವತ್ತು ಗಜ ಮುಟ್ಟುವ ಮೊದಲೇ ನಿಯಮಕ್ಕೆ ಹೊರಗೆ. ನಿಮ್ಮ ರಾಜ್ಯದ ಈ ವರ್ಷದ ನಿಯಮ ಪುಸ್ತಕ ನೋಡಿಕೊಂಡೇ ಇಳಿಸಿ.

ಅಭ್ಯಾಸಕ್ಕೆ ಇನ್ನೂ ಕೆಳಗೆ ಇಳಿಯಬಹುದು. .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್, .357ರಲ್ಲಿ .38 ಸ್ಪೆಷಲ್, .454 ಕಸೂಲ್‌ನಲ್ಲಿ .45 ಕೋಲ್ಟ್ ಹಾರಿಸಬಹುದು. ಗಿಡ್ಡ ಕೇಸ್ ಜಾಸ್ತಿ ಹಾರಿಸಿದರೆ ಸಿಲಿಂಡರ್ ಮನೆಯ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ ಉದ್ದ ಕೇಸ್ ತುರುಕಲು ಹೋಗಬೇಡಿ.

ಹಿಡಿ ಬದಲಾಯಿಸಿದರೆ ನಿಜವಾಗಲೂ ಅಷ್ಟು ವ್ಯತ್ಯಾಸ ಆಗುತ್ತಾ?

ಲೆಕ್ಕದ ಪ್ರಕಾರ ಒಂದು ಜೂಲ್ ಕೂಡ ಕಡಿಮೆ ಆಗುವುದಿಲ್ಲ. ಅಂಗೈಯನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಪೆಟ್ಟು ಅಂಗೈಯ ಎಷ್ಟು ಜಾಗದ ಮೇಲೆ ಹರಡುತ್ತದೆ ಅನ್ನುವುದೇ ಇಲ್ಲಿನ ಗುಟ್ಟು.

ಹಳೆಯ ಕೌಬಾಯ್ ಶೈಲಿಯ ಸಿಂಗಲ್ ಆಕ್ಷನ್ (ಪ್ರತಿ ಸಲ ಕುದುರೆಯನ್ನು ಕೈಯಿಂದ ಎಳೆಯಬೇಕಾದ) ರಿವಾಲ್ವರ್‌ಗಳ ಹಿಡಿ ನೇಗಿಲ ಮೇಳಿಯ ಹಾಗೆ ಬಾಗಿರುತ್ತದೆ. ಹಾರಿಸಿದಾಗ ಅದು ಅಂಗೈಯೊಳಗೆ ಉರುಳಿ ಮೂತಿ ಮೇಲೇರುತ್ತದೆ. ಅಂಗೈಗೆ ನೋವು ಕಡಿಮೆ, ಆದರೆ ಮತ್ತೆ ಗುರಿಗೆ ಬರಲು ಹೊತ್ತು ಬೇಕು. 1959ರಲ್ಲಿ ಬಂದ ರೂಗರ್ ಸೂಪರ್ ಬ್ಲ್ಯಾಕ್‌ಹಾಕ್‌ಗೆ ಟ್ರಿಗರ್ ಗಾರ್ಡಿನ ಹಿಂಬದಿ ಚೌಕ. ಅದು ನಡುಬೆರಳಿನ ಗೆಣ್ಣಿಗೆ ಸರಿಯಾಗಿ ಬಾರಿಸುತ್ತದೆ. ನನ್ನ ಗೆಣ್ಣಿನ ಮೇಲೆ ಈಗಲೂ ಕಡಲೆಕಾಳಿನಷ್ಟು ಗಂಟಿದೆ. ಬಿಸ್ಲಿ ಮಾದರಿಯ ಹಿಡಿ ಇನ್ನಷ್ಟು ನೇರ, ಉದ್ದ. ಅದು ಉರುಳುವುದು ಕಡಿಮೆ. ಭಾರಿ ತೋಟಾ ಹಾರಿಸುವವರು ಅದನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ.

ಟ್ರಿಗರ್ ಒತ್ತಿದರೇ ಕುದುರೆ ಎದ್ದು ಬೀಳುವ ಡಬಲ್ ಆಕ್ಷನ್‌ನಲ್ಲಿ ಹಿಂಬದಿಯ ಉಬ್ಬು ಕೈಸಂದಿಗೆ ನೇರ ಗುದ್ದುತ್ತದೆ. ಅಲ್ಲಿ ಲೋಹ ಮುಚ್ಚುವ ಹಾಗೆ ರಬ್ಬರ್ ಇರುವ ಹಿಡಿ ಹಾಕಿ. ಹೋಗ್, ಪಾಕ್‌ಮೇಯರ್ ಕಂಪನಿಗಳವು ಸುಲಭವಾಗಿ ಸಿಗುತ್ತವೆ. ಒಂದು ಸ್ಕ್ರೂ ಬಿಚ್ಚಿದರೆ ಹಳೆಯದು ಕೈಗೆ, ಹೊಸದು ಜಾಗಕ್ಕೆ.

ಹಿಡಿ ಕೊಳ್ಳಲು ಹೋಗುವಾಗ ಬೇಟೆಗೆ ಹಾಕುವ ಕೈಗವಸು ಜೇಬಲ್ಲಿರಲಿ. ಸೆಪ್ಟೆಂಬರ್ ಬಿಸಿಲಲ್ಲಿ ಬರಿಗೈಗೆ ಸರಿಹೋದ ದಪ್ಪ ಹಿಡಿ, ನವೆಂಬರ್ ಚಳಿಯಲ್ಲಿ ಕೈಗವಸು ಹಾಕಿದ ಮೇಲೆ ಬೆರಳನ್ನು ಟ್ರಿಗರ್‌ಗೆ ಮುಟ್ಟಿಸುವುದಿಲ್ಲ. ಮರದ ಮೇಲಿನ ಅಟ್ಟಣೆಯಲ್ಲಿ ಕೂತ ಮೇಲೆ ನನಗೆ ಇದು ಗೊತ್ತಾಯಿತು. ಜಿಂಕೆ ಮೂವತ್ತು ಗಜದಲ್ಲಿ ಓಕ್ ಕಾಯಿ ತಿನ್ನುತ್ತಿತ್ತು. ನಾನು ಹಲ್ಲಿನಲ್ಲಿ ಕೈಗವಸು ಕಚ್ಚಿ ಎಳೆಯುತ್ತಿದ್ದೆ.

ತೂಕ ಹೆಚ್ಚಿಸಿದರೆ?

ಒದೆತ ತೂಕಕ್ಕೆ ವಿಲೋಮ. 1.36 ಕಿಲೋ ರಿವಾಲ್ವರ್‌ಗೆ ಕಾಲು ಕಿಲೋಗೆ ಹತ್ತಿರದ ಸ್ಕೋಪ್ ಮತ್ತು ಅದರ ಪಟ್ಟಿ ಕೂರಿಸಿದರೆ 25 ಜೂಲ್ ಸುಮಾರು 21ಕ್ಕೆ ಇಳಿಯುತ್ತದೆ. ಇದರ ಉಲ್ಟಾ ನೋಡಬೇಕಾದರೆ ಸ್ಮಿತ್ ಅಂಡ್ ವೆಸನ್ 329ಪಿಡಿ ಹಿಡಿಯಿರಿ. ಅದೂ .44 ಮ್ಯಾಗ್ನಮ್ಮೇ, ತೂಕ ಮುಕ್ಕಾಲು ಕಿಲೋಗೂ ಕಡಿಮೆ. ಅದೇ ತೋಟಾ ಅಲ್ಲಿ ಹತ್ತಿರ ಹತ್ತಿರ ಎರಡರಷ್ಟು ಒದೆಯುತ್ತದೆ. ಕರಡಿ ಇರುವ ಕಾಡಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡಲು ಅದು ಸರಿ. ಅದನ್ನು ಬೇಟೆಗೆ ತಂದು, ಆಮೇಲೆ ಒದೆತ ಕಡಿಮೆ ಮಾಡಿಸಬೇಕು ಅನ್ನುವವರಿಗೆ ನನ್ನ ಸಲಹೆ: ಅದನ್ನು ಹಾಗೇ ಬಿಡಿ, ಭಾರದ್ದೊಂದು ತೆಗೆದುಕೊಳ್ಳಿ.

ಹಗುರ ರಿವಾಲ್ವರ್‌ನಲ್ಲಿ ಇನ್ನೊಂದು ಕಾಟ ಇದೆ. ಒದೆತಕ್ಕೆ ಸಿಲಿಂಡರಿನ ಉಳಿದ ಮನೆಗಳ ತೋಟಾಗಳಲ್ಲಿ ಗುಂಡು ಕೇಸಿನಿಂದ ಮುಂದಕ್ಕೆ ಜಾರಿ, ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ.

ಪೋರ್ಟಿಂಗ್ ಮತ್ತು ಮಜಲ್ ಬ್ರೇಕ್ ಎರಡೂ ಒಂದೇನಾ?

ಅಲ್ಲ. ಪೋರ್ಟಿಂಗ್ ಅಂದರೆ ನಳಿಗೆಯ ತುದಿಯ ಹತ್ತಿರ, ಮೇಲ್ಭಾಗದಲ್ಲಿ ಸಣ್ಣ ಕಿಂಡಿಗಳನ್ನು ಕೊರೆಯುವುದು. ಅನಿಲ ಮೇಲಕ್ಕೆ ಚಿಮ್ಮಿ ಮೂತಿಯನ್ನು ಕೆಳಗೆ ಒತ್ತುತ್ತದೆ. ಇದು ಮುಖ್ಯವಾಗಿ ಜಿಗಿತಕ್ಕೆ ಮದ್ದು. ಹಿಂದೆ ತಳ್ಳುವ ಬಲ ಸ್ವಲ್ಪ ಮಾತ್ರ ಇಳಿಯುತ್ತದೆ.

ಬ್ರೇಕ್ ನಳಿಗೆಯ ತುದಿಗೆ ಸೇರಿಸುವ ತುಂಡು. ಅನಿಲ ಅದರ ಗೋಡೆಗಳಿಗೆ ಬಡಿದು ಪಕ್ಕಕ್ಕೆ, ಒಮ್ಮೊಮ್ಮೆ ಸ್ವಲ್ಪ ಹಿಂದಕ್ಕೂ ತಿರುಗುತ್ತದೆ. ಹಾಗಾಗಿ ಅದು ಬಂದೂಕನ್ನು ಮುಂದಕ್ಕೆ ಎಳೆಯುತ್ತದೆ. ಹಿಂದೆ ತಳ್ಳುವ ಬಲಕ್ಕೆ ಇದೇ ಹೆಚ್ಚು ಪರಿಣಾಮಕಾರಿ. ಸದ್ದೂ ಇದರದ್ದೇ ಹೆಚ್ಚು, ಪಕ್ಕದಲ್ಲಿ ನಿಂತವರಿಗಂತೂ ಕೇಳುವುದೇ ಬೇಡ.

ಪೋರ್ಟಿಂಗ್‌ನಲ್ಲಿ ದೊಡ್ಡ ಹೆಸರು ಮ್ಯಾಗ್-ನಾ-ಪೋರ್ಟ್. 1970ರ ದಶಕದಿಂದ ಇದೇ ಮಿಶಿಗನ್‌ನಲ್ಲಿ ನಡೆದುಬಂದ ಸಂಸ್ಥೆ. ಅದನ್ನು ಕಟ್ಟಿದ ಲ್ಯಾರಿ ಕೆಲ್ಲಿ ಸ್ವತಃ ಕೈಬಂದೂಕಿನ ದೊಡ್ಡ ಬೇಟೆಗಾರ. ಅವರದ್ದು ಡ್ರಿಲ್ ಕೆಲಸ ಅಲ್ಲ. ವಿದ್ಯುತ್ ಕಿಡಿಯಿಂದ ಉಕ್ಕನ್ನು ಕಣಕಣವಾಗಿ ಸವೆಸುವ ಇಡಿಎಂ ವಿಧಾನ. ಒಳಗೆ ಗರಗಸದ ಹಲ್ಲಿನಂಥ ಅಂಚು ಉಳಿಯುವುದಿಲ್ಲ.

ಎರಡೂ ಓಡುವುದು ಅನಿಲದ ಮೇಲೆ. ಅನಿಲ ಜಾಸ್ತಿ, ಒತ್ತಡ ಜಾಸ್ತಿ ಇದ್ದಷ್ಟು ಫಲ ಜಾಸ್ತಿ. .44 ಮ್ಯಾಗ್ನಮ್‌ಗೆ ಗರಿಷ್ಠ ಒತ್ತಡ 36,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್). .460 ಸ್ಮಿತ್ ಅಂಡ್ ವೆಸನ್‌ಗೆ 65,000. ಎರಡನೆಯದರಲ್ಲಿ ಬ್ರೇಕ್ ಮಾಡುವ ಕೆಲಸ ಕೈಗೆ ಎದ್ದು ಗೊತ್ತಾಗುತ್ತದೆ. ಈಗ ಇದರ ತಮಾಷೆ ನೋಡಿ. ಮೇಲೆ ಹೇಳಿದ ಹಾಗೆ ನೀವು ಮೆತ್ತಗಿನ ತೋಟಾಕ್ಕೆ ಇಳಿದರೆ ಅನಿಲ ಕಡಿಮೆ, ಪೋರ್ಟಿಂಗ್‌ನ ಫಲವೂ ಕಡಿಮೆ. ಅಂದರೆ ದುಡ್ಡು ಕೊಟ್ಟು ಮಾಡಿಸಿದ ಕಿಂಡಿ ಪೂರ್ತಿ ಕೆಲಸ ಮಾಡಬೇಕಾದರೆ ಪೂರ್ತಿ ಒದೆಯುವ ತೋಟಾ ಹಾಕಬೇಕು.

ನೀವು ಹಾಕಿಸಿದಿರಲ್ಲ, ಏನಾಯಿತು?

ಆರೂವರೆ ಅಂಗುಲ ನಳಿಗೆಯ .44. ಹಿಡಿ ಬದಲಿಸಿರಲಿಲ್ಲ, ತೋಟಾ ಬದಲಿಸಿರಲಿಲ್ಲ, ಖಾಲಿ ಕೇಸಿನ ಪರೀಕ್ಷೆ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಒಂದು ಅಂಗಡಿಗೆ ಕೊಟ್ಟೆ. ಆರು ವಾರ ಅಂದದ್ದು ನಾಲ್ಕು ತಿಂಗಳಾಯಿತು, ಸೀಸನ್ ಕೈತಪ್ಪಿತು. ಬಂದ ಮೇಲೆ ನೋಡಿದರೆ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಮೂತಿಯ ಜಿಗಿತ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಗುರಿ ಮಾತ್ರ ಮೊದಲಿಗಿಂತ ಕೆಟ್ಟಿತು.

ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ರೇಂಜ್‌ನಲ್ಲಿದ್ದ ಒಬ್ಬ ಹಿರಿಯರು ಏನೂ ಹೇಳದೆ ತಮ್ಮ ಇಯರ್‌ಮಫ್ ತೆಗೆದು ನನ್ನ ಪ್ಲಗ್‌ಗಳ ಮೇಲೆ ಇಟ್ಟರು. ಮುಂದಿನ ಆರು ಗುಂಡು ಒಂದು ಚಪಾತಿಯಷ್ಟು ಜಾಗದಲ್ಲಿ ಬಿದ್ದವು. ನಾನು ಹೆದರುತ್ತಿದ್ದದ್ದು ಸದ್ದಿಗೆ. ದುಡ್ಡು ಕೊಟ್ಟು ಸದ್ದನ್ನು ಜಾಸ್ತಿ ಮಾಡಿಸಿಕೊಂಡು ಬಂದಿದ್ದೆ!

ಕಾಡಲ್ಲಿ ಕಿವಿ ಮುಚ್ಚಿಕೊಂಡು ಬೇಟೆ ಆಡೋಕಾಗುತ್ತಾ?

ಆಗುತ್ತದೆ, ಆಗಲೇಬೇಕು. ಒಂದೇ ಒಂದು ಸಿಡಿತದ ಸದ್ದು 140 ಡೆಸಿಬೆಲ್ ದಾಟಿದರೆ ಕಿವಿಗೆ ಶಾಶ್ವತ ಹಾನಿ ಆಗಬಹುದು. .44 ಮ್ಯಾಗ್ನಮ್ 160 ದಾಟುತ್ತದೆ. ಇದು ತೂತಿಲ್ಲದ ನಳಿಗೆಯ ಲೆಕ್ಕ. ಕಿಂಡಿಯೋ ಬ್ರೇಕೋ ಇದ್ದರೆ ಸಿಡಿತ ನಿಮ್ಮ ಮುಖದ ಕಡೆಗೆ ಇನ್ನೂ ಹತ್ತಿರ ಬರುತ್ತದೆ.

ಎಲೆಕ್ಟ್ರಾನಿಕ್ ಇಯರ್‌ಮಫ್ ಸಣ್ಣ ಸದ್ದನ್ನು ದೊಡ್ಡದು ಮಾಡಿ, ಸಿಡಿತವನ್ನು ತಡೆಯುತ್ತದೆ. ಒಣ ಎಲೆ ಮೇಲೆ ಜಿಂಕೆ ಕಾಲಿಡುವುದು ಬರಿಗಿವಿಗಿಂತ ಚೆನ್ನಾಗಿ ಕೇಳಿಸುತ್ತದೆ. ಅಳಿಲು ಓಡಿದರೂ ಜಿಂಕೆ ಬಂತು ಅನ್ನಿಸುತ್ತದೆ, ಅದೊಂದೇ ಕಿರಿಕಿರಿ.

ಮುಚ್ಚಿದ ಗೂಡಿನೊಳಗೆ, ತಗಡಿನ ಸೂರಿನ ಅಟ್ಟಣೆಯಲ್ಲಿ ಕೂತು ಬೇಟೆ ಆಡುವವರು ಪೋರ್ಟಿಂಗ್ ಆಸೆ ಬಿಡುವುದೇ ಒಳ್ಳೆಯದು. ಮೇಲಕ್ಕೆ ಚಿಮ್ಮಿದ ಸಿಡಿತ ಸೂರಿಗೆ ಬಡಿದು ನಿಮ್ಮ ತಲೆ ಮೇಲೇ ಇಳಿಯುತ್ತದೆ. ಜೊತೆಗೆ ಗೈಡೋ, ಮಗನೋ, ಹೆಂಡತಿಯೋ ಪಕ್ಕದಲ್ಲಿ ಕೂರುತ್ತಾರೆ ಅಂದರೆ ಬ್ರೇಕ್ ಹಾಕಿಸುವ ಮೊದಲು ಅವರ ಕಿವಿಯನ್ನೂ ನೆನೆಯಿರಿ.

ಬೇರೆ ತೊಂದರೆಗಳು ಏನಾದರೂ?

ಮುಂದಿನ ಸೈಟ್ ಮಸಿಯಾಗುತ್ತದೆ. ಸಂಜೆಗತ್ತಲಲ್ಲಿ ಹಾರಿಸಿದರೆ ಬೆಂಕಿ ಕಣ್ಣೆದುರೇ ಮೇಲೇಳುತ್ತದೆ. ಜಿಂಕೆ ಯಾವ ಕಡೆ ಓಡಿತು ಅಂತ ಒಂದು ಕ್ಷಣ ಕಾಣುವುದಿಲ್ಲ. ಬರೀ ಸೀಸದ ಗುಂಡು ಹಾರಿಸುವವರಾದರೆ ಕಿಂಡಿಯ ಅಂಚಿನಲ್ಲಿ ಸೀಸ ಕಟ್ಟುತ್ತದೆ, ಚೂರು ಹಾರುವುದೂ ಉಂಟು. ಕಣ್ಣಿಗೆ ಕನ್ನಡಕ ಇಲ್ಲದೆ ಹಾರಿಸಲೇಬೇಡಿ. ರಿವಾಲ್ವರನ್ನು ಎದೆಗೆ ಹತ್ತಿರ ಹಿಡಿದು ಹಾರಿಸಬೇಕಾದ ಸಂದರ್ಭ ಬಂದರೆ ಅನಿಲ ಮುಖಕ್ಕೇ ಬರುತ್ತದೆ. ಗುಂಡಿನ ವೇಗ ಮಾತ್ರ ಹೇಳಿಕೊಳ್ಳುವಷ್ಟು ಕಡಿಮೆ ಆಗುವುದಿಲ್ಲ.

ಗ್ಯಾರೇಜಲ್ಲಿ ಡ್ರಿಲ್ ಇದೆ, ನಾನೇ ಹಾಕಿಕೊಳ್ಳಲಾ?

ಬೇಡ ಮಾರಾಯರೇ. ನಳಿಗೆಯೊಳಗಿನ ಸುರುಳಿ ಗೀರುಗಳಲ್ಲಿ ಒಂದು ಸಣ್ಣ ಮುಳ್ಳು ಎದ್ದರೂ ಗುಂಡಿನ ಮೈ ಕೆರೆಯುತ್ತದೆ. ಕಿಂಡಿ ಒಂದು ಪಕ್ಕಕ್ಕೆ ಜಾಸ್ತಿಯಾದರೆ ಗುರಿ ಕೆಡಬಹುದು. ತೆಗೆದ ಉಕ್ಕನ್ನು ಮತ್ತೆ ಹಾಕುವ ಉಪಾಯ ಯಾರ ಬಳಿಯೂ ಇಲ್ಲ. ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ ಕೊಡಿ. ಬೇರೆ ಊರಿನವರಾದರೆ ನಿಮ್ಮ ಊರಿನ ಲೈಸೆನ್ಸ್ ಇರುವ ಅಂಗಡಿಯ ಮೂಲಕ ಕಳಿಸುವುದು ಸುಲಭ, ಏಕೆಂದರೆ ಕೊರಿಯರ್ ಕಂಪನಿಗಳು ಖಾಸಗಿಯವರಿಂದ ಕೈಬಂದೂಕು ತೆಗೆದುಕೊಳ್ಳುವುದಿಲ್ಲ. ಎಷ್ಟು ದಿನ ಹಿಡಿಯುತ್ತದೆ ಅಂತ ಬರೆಸಿಕೊಳ್ಳಿ. ಜನವರಿಯಲ್ಲಿ ಕೊಡಿ, ಆಗಸ್ಟ್‌ನಲ್ಲಿ ಅಲ್ಲ.

ಮುಂದುಗಡೆ ಇನ್ನೊಂದು ಹಿಡಿ ಸೇರಿಸಿ ಎರಡು ಕೈಯಲ್ಲಿ ಹಿಡಿದರೆ?

ಇಲ್ಲಿ ಜೈಲಿನ ದಾರಿ ಇದೆ, ಹುಷಾರು. ಕೈಬಂದೂಕಿಗೆ ನೆಟ್ಟಗೆ ನಿಲ್ಲುವ ಮುಂದಿನ ಹಿಡಿ ಸೇರಿಸಿದರೆ ಅದು ಕೈಬಂದೂಕಾಗಿ ಉಳಿಯುವುದಿಲ್ಲ, 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಅಡಿ ನೋಂದಣಿ ಬೇಕಾದ ಆಯುಧವಾಗುತ್ತದೆ ಅನ್ನುವುದು ಬಂದೂಕಿನ ನಿಯಮ ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆಯ ನಿಲುವು. ಭುಜಕ್ಕೆ ಒತ್ತುವ ಮರದ ಬುಡ ಸೇರಿಸಿದರೆ ಗಿಡ್ಡ ನಳಿಗೆಯ ರೈಫಲ್. ಮೊದಲೇ ಅನುಮತಿ ಪಡೆಯದೆ ಎರಡೂ ಅಪರಾಧ. ರಬ್ಬರ್ ಹಿಡಿ, ಸ್ಕೋಪ್, ಪೋರ್ಟಿಂಗ್ ಇದಕ್ಕೆ ಬರುವುದಿಲ್ಲ. ನಳಿಗೆಯ ಉದ್ದಕ್ಕೂ ರಾಜ್ಯಗಳು ಕನಿಷ್ಠ ಮಿತಿ ಇಟ್ಟಿವೆ. ಕೊಲೊರಾಡೊದಲ್ಲಿ 4 ಅಂಗುಲ. ಬಿಚ್ಚಿ ಹಾಕುವ ಬ್ರೇಕನ್ನು ಆ ಉದ್ದದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಕಾನೂನು ಬಿಟ್ಟು ಇನ್ನೊಂದು ಅಪಾಯ. ಒದೆತ ತಡೆಯಲು ಎಡಗೈಯನ್ನು ಮುಂದೆ ತಂದು ಸಿಲಿಂಡರ್ ಹತ್ತಿರ ಹಿಡಿಯುವವರನ್ನು ನೋಡಿದ್ದೇನೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಅನಿಲ ಚೂರಿಯ ಹಾಗೆ ಬರುತ್ತದೆ. ದೊಡ್ಡ ತೋಟಾದಲ್ಲಿ ಹೆಬ್ಬೆರಳೇ ಹೋಗಬಹುದು. ನಂಬಿಕೆ ಬಾರದಿದ್ದರೆ ಮರಳುಚೀಲದ ಮೇಲೆ ಸಂದಿ ಒರಗುವ ಹಾಗೆ ಇಟ್ಟು ಹಾರಿಸಿದವರ ಚೀಲ ನೋಡಿ.

.460, .500ಗಳಿಗೂ ಇದೇ ಮಾತಾ?

ಇಲ್ಲ, ಇವು .44ಕ್ಕಿಂತ ಎಷ್ಟೋ ಜೋರಾದ ತೋಟಾಗಳು, ಅಲ್ಲಿ ನನ್ನ ಅಭಿಪ್ರಾಯ ತಿರುಗುತ್ತದೆ. 2003ರಲ್ಲಿ .500 ಸ್ಮಿತ್ ಅಂಡ್ ವೆಸನ್ ಬಂದಾಗ ಅದರ ಉದ್ದ ನಳಿಗೆಯ ರಿವಾಲ್ವರ್ ಎರಡು ಕಿಲೋ ತೂಗುತ್ತಿತ್ತು, ಕಾರ್ಖಾನೆಯೇ ಮೂತಿಗೆ ಬ್ರೇಕಿನಂಥ ಕಾಂಪೆನ್ಸೇಟರ್ ಕೂರಿಸಿ ಕೊಟ್ಟಿತ್ತು. ಅದಿಲ್ಲದೆ ಲೆಕ್ಕ ಹಾಕಿದರೆ ಒದೆತ 60 ಜೂಲ್ ದಾಟುತ್ತದೆ, .44ರ ಎರಡೂವರೆ ಪಟ್ಟು. ಅಂಥದ್ದಕ್ಕೆ ಬ್ರೇಕ್ ಬೇಡ ಅನ್ನುವುದು ಹುಂಬತನ. ಆದರೆ ಮಿಶಿಗನ್ ಜಿಂಕೆಗೆ .500 ಯಾಕೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಥಾಂಪ್ಸನ್ ಸೆಂಟರ್ ಕಂಟೆಂಡರ್ ಇರುವವರಿಗೆ ಅದೃಷ್ಟ. 1967ರಿಂದ ಬಂದ ಈ ಒಂಟಿ ತೋಟಾದ ಕೈಬಂದೂಕಿಗೆ ನಳಿಗೆಯನ್ನೇ ಬದಲಿಸಬಹುದು. ರೈಫಲ್ ತೋಟಾದ ಉದ್ದ ನಳಿಗೆಗೆ ಮಾತ್ರ ಬ್ರೇಕ್ ಹಾಕಿಸಿ, ಉಳಿದವನ್ನು ಮುಟ್ಟದೆ ಇಡಬಹುದು. ಇಷ್ಟವಾಗದಿದ್ದರೆ ಹೋಗುವುದು ಒಂದು ನಳಿಗೆ ಅಷ್ಟೇ.

ಬೇಟೆ ಹೊತ್ತಲ್ಲಿ ಒದೆತ ಗೊತ್ತೇ ಆಗಲ್ಲ ಅಂತಾರೆ. ಹಾಗಿದ್ದರೆ ಯಾಕಿಷ್ಟು ತಲೆನೋವು?

ನಿಜ, ಜಿಂಕೆ ಎದುರಿಗಿದ್ದಾಗ ನನಗೆ ಒದೆತವೂ ಗೊತ್ತಾಗಿಲ್ಲ, ಸದ್ದೂ ನೆನಪಿಲ್ಲ. ಆದರೆ ಸೀಸನ್‌ಗೆ ಒಂದೋ ಎರಡೋ ಗುಂಡು ಹಾರಿಸಲು ಅದಕ್ಕೂ ಮೊದಲು ನೂರಾರು ಹಾರಿಸಿರಬೇಕು. ಹೆದರಿಕೆ ಕಲಿಯುವುದು ಆ ನೂರಾರರಲ್ಲಿ. ಹಾಗಾಗಿ ನನ್ನ ಕ್ರಮ ಹೀಗಿದೆ: ಹತ್ತರಲ್ಲಿ ಎಂಟು ಗುಂಡು ಒದೆತವೇ ಇಲ್ಲದಷ್ಟು ಸಣ್ಣ .22 ಅಥವಾ .44 ಸ್ಪೆಷಲ್, ಕೊನೆಗೆ ಒಂದೆರಡು ಸಿಲಿಂಡರ್ ಬೇಟೆಯ ತೋಟಾ. ಕೈ ನಡುಗಲು ಶುರುವಾಯಿತೋ, ಮನೆಗೆ. ಐವತ್ತು ಪೂರ್ತಿ ತೋಟಾ ಒಂದೇ ದಿನ ಮುಗಿಸಿದವರನ್ನು ನೋಡಿದ್ದೇನೆ. ಐವತ್ತನೆಯ ಗುಂಡಿಗೆ ಅವರ ಗುರಿ ಮೊದಲನೆಯದಕ್ಕಿಂತ ಕೆಟ್ಟಿರುತ್ತದೆ.

ಮಣಿಕಟ್ಟು, ಮೊಣಕೈ ನೋವಿದೆ. ಆಗಲೂ ಕಾಯಬೇಕಾ?

ಮೊದಲು ಡಾಕ್ಟರು, ಆಮೇಲೆ ಗನ್‌ಸ್ಮಿತ್. ಬೆರಳು ಜೋಮು ಹಿಡಿಯುತ್ತಿದ್ದರೆ ಹಾರಿಸುವುದನ್ನೇ ನಿಲ್ಲಿಸಿ. ಡಾಕ್ಟರು ಒಪ್ಪಿದ ಮೇಲೂ ಮೆತ್ತಗಿನ ತೋಟಾ, ಒಳ್ಳೆಯ ಹಿಡಿ, ಸ್ಕೋಪಿನ ತೂಕ ಎಲ್ಲ ಸೇರಿಸಿ ನೋಡಿ. ಅಷ್ಟಾದರೂ ಮೂತಿಯ ಜಿಗಿತ ಮಣಿಕಟ್ಟನ್ನು ತಿರುಚುತ್ತಿದೆ, ಸದ್ದಿಗೆ ನೀವು ಹೆದರುತ್ತಿಲ್ಲ, ಬಯಲಲ್ಲಿ ಕೂತೇ ಬೇಟೆ ಆಡುತ್ತೀರಿ ಅಂದರೆ ಪೋರ್ಟಿಂಗ್ ಮಾಡಿಸಿ. ನಾನು "ಮಾಡಿಸಿ" ಅಂತ ಹೇಳಿದ ಮೂವರೂ ಇಂಥವರೇ. ಮೂವರೂ ಖುಷಿಯಾಗಿದ್ದಾರೆ.

ಮಾರುವಾಗ ಬೆಲೆ ಸಿಗುತ್ತಾ?

ಸಾಮಾನ್ಯವಾಗಿ ಕಡಿಮೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೆಯ .44 ರಿವಾಲ್ವರ್ ಮಾಡೆಲ್ 29ರಂಥದ್ದಕ್ಕೆ ಕಿಂಡಿ ಕೊರೆಸಿದರೆ ಸಂಗ್ರಹಕಾರರು ಹತ್ತಿರ ಬರುವುದಿಲ್ಲ.

ಊರಲ್ಲಿ, ಕೊಡಗಲ್ಲಿ, ಮಲೆನಾಡಲ್ಲಿ ಇದನ್ನೆಲ್ಲ ಮಾಡಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ಭಾರತದಲ್ಲಿ ಶೋಕಿಗೆ ಬೇಟೆ ಇಲ್ಲ. ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಅದು ಕೋವಿ ಇಟ್ಟುಕೊಳ್ಳಲು, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡಲು, ತೆಂಗಿನಕಾಯಿಗೆ ಗುರಿ ಹೊಡೆಯಲು. ಕಾಡಿಗೆ ಹೋಗಲು ಅಲ್ಲ. ಕೋವಿ ರಿಪೇರಿಗೂ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇರುವವರೇ ಬೇಕು.

ನಿಮ್ಮ ಆ ತೂತು ಹಾಕಿಸಿದ .44 ಈಗ ಏನಾಯಿತು?

ನನ್ನ ಹತ್ತಿರವೇ ಇದೆ. ದಪ್ಪ ರಬ್ಬರ್ ಹಿಡಿ, 1,200 ಅಡಿಯ ತೋಟಾ, ತಲೆ ಮೇಲೆ ಇಯರ್‌ಮಫ್. ಕಿಂಡಿಗಳು ಈಗ ಮಾಡುವ ಮುಖ್ಯ ಕೆಲಸ ಮುಂದಿನ ಸೈಟಿಗೆ ಮಸಿ ಬಳಿಯುವುದು. ಪ್ರತಿ ರೇಂಜ್ ದಿನದ ಸಂಜೆ ಹಳೆಯ ಹಲ್ಲುಜ್ಜುವ ಬ್ರಶ್ ತೆಗೆದುಕೊಂಡು ಅದನ್ನು ಉಜ್ಜುತ್ತಾ ಕೂರುತ್ತೇನೆ.